ಬಿಸಿಯಾದಾಗ ನಿಂತು ತಣಿದಾಗ ಹೊರಡುವ ವಾಹನ: ಕ್ರ್ಯಾಂಕ್ ಶಾಫ್ಟ್ ಸೆನ್ಸರಿನ ದೋಷವನ್ನು ಪತ್ತೆ ಹಚ್ಚುವ ಕ್ರಮ

ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳಲ್ಲಿ ಅಡಿಕೆ ತೋಟಗಳು ಕಣಿವೆಯ ತಗ್ಗಿನಲ್ಲಿವೆ. ಮನೆ ತೋಟದ ತಲೆಯ ಮೇಲೆ, ಡಾಂಬರು ರಸ್ತೆ ಅದಕ್ಕೂ ಮೇಲೆ. ಇಂಥ ಕಡೆ ಕಾರು ಅಥವಾ ಸಣ್ಣ ಪಿಕಪ್ ವಾಹನ ಭೋಗದ ವಸ್ತುವಾಗಿ ಉಳಿದಿಲ್ಲ. ಪಂಪ್‌ಸೆಟ್ಟಿನಂತೆ ಅದೂ ಬೇಸಾಯದ ಒಂದು ಉಪಕರಣವೇ ಆಗಿದೆ. ಭೈರುಂಬೆ ಭಾಗದ ತೋಟಗಾರರು ಚಾಲಿ ಅಡಿಕೆಯನ್ನು ಶಿರಸಿಯ ಪೇಟೆಗೆ ಒಯ್ಯಬೇಕು. ಅಲ್ಲಿ 1923ರಲ್ಲಿ ಸ್ಥಾಪನೆಯಾದ ತೋಟಗಾರ್ಸ್ ಸೇಲ್ ಸೊಸೈಟಿಯ ವ್ಯಾಪಾರಕ್ಕೆ ಬೆಳಗಿನ ಹೊತ್ತಿಗೆ ತಲುಪಬೇಕು. ರಾತ್ರಿ ಮನೆಯಲ್ಲಿ ಯಾರಿಗಾದರೂ ಎದೆ ನೋವು ಬಂದರೆ ಅದೇ ವಾಹನ ಆಸ್ಪತ್ರೆಗೂ ಹೋಗಬೇಕು.

ಇಂಥ ವಾಹನಗಳ ಬಗ್ಗೆ ಒಂದು ವಿಚಿತ್ರ ದೂರು ಕೇಳಿಬರುತ್ತದೆ. ಬೆಳಿಗ್ಗೆ ಎಂಜಿನ್ ಒಂದೇ ಸಲಕ್ಕೆ ಹೊರಡುತ್ತದೆ. ಹತ್ತು ಹದಿನೈದು ಕಿಲೋಮೀಟರ್ ಓಡಿದ ಮೇಲೆ, ಹೆಚ್ಚಾಗಿ ಏರು ಹತ್ತುವಾಗ, ಯಾರೋ ಕೀಲಿ ತಿರುಗಿಸಿ ಆರಿಸಿದಂತೆ ಥಟ್ಟನೆ ನಿಲ್ಲುತ್ತದೆ. ಎಷ್ಟು ಸೆಲ್ಫ್ ಹೊಡೆದರೂ ಹೊರಡುವುದಿಲ್ಲ. ಅರ್ಧ ಗಂಟೆ ಮರದ ನೆರಳಿನಲ್ಲಿ ಕುಳಿತೆದ್ದು ನೋಡಿದರೆ ಏನೂ ಆಗದಂತೆ ಹೊರಡುತ್ತದೆ. ಗ್ಯಾರೇಜಿಗೆ ಒಯ್ಯುವ ಹೊತ್ತಿಗೆ ದೋಷವೇ ಇರುವುದಿಲ್ಲ. ಫಿಲ್ಟರ್ ಬದಲಾಗುತ್ತದೆ, ಬ್ಯಾಟರಿ ಬದಲಾಗುತ್ತದೆ, ಕೊನೆಗೆ ಇಂಧನದ ಪಂಪೂ ಬದಲಾಗುತ್ತದೆ. ಹದಿನೈದು ದಿನಕ್ಕೆ ವಾಹನ ಮತ್ತೆ ಅದೇ ಏರಿನಲ್ಲಿ ನಿಲ್ಲುತ್ತದೆ. ಈ ಬಗೆಯ ದೋಷಕ್ಕೆ ಹಲವು ಕಾರಣಗಳಿರಬಹುದಾದರೂ ಮೊದಲು ಸಂಶಯಪಡಬೇಕಾದ ಭಾಗ ಹೆಬ್ಬೆರಳು ಗಾತ್ರದ ಒಂದು ಸಾಧನ. ಅದೇ ಕ್ರ್ಯಾಂಕ್ ಶಾಫ್ಟ್ ಪೊಸಿಶನ್ ಸೆನ್ಸರ್.

ಹಳೆಯ ಎಂಜಿನ್, ಹೊಸ ಎಂಜಿನ್

ಹಳೆಯ ಡೀಸೆಲ್ ಜೀಪಿನಲ್ಲಿ ಈ ದೋಷ ಬರಲು ಸಾಧ್ಯವೇ ಇರಲಿಲ್ಲ. ಅದರ ಇಂಜೆಕ್ಷನ್ ಪಂಪು ಹಲ್ಲುಚಕ್ರಗಳ ಮೂಲಕ ಎಂಜಿನ್ನಿಗೇ ಜೋಡಿಸಲ್ಪಟ್ಟಿತ್ತು. ಎಂಜಿನ್ ತಿರುಗಿದರೆ ಪಂಪು ತಿರುಗುತ್ತಿತ್ತು, ಸರಿಯಾದ ಹೊತ್ತಿಗೆ ಡೀಸೆಲ್ ಸಿಂಪಡಿಸುತ್ತಿತ್ತು. ಹಳೆಯ ಪೆಟ್ರೋಲ್ ಕಾರಿನಲ್ಲಿ ಕಿಡಿಯ ಹೊತ್ತನ್ನು ನಿರ್ಧರಿಸುತ್ತಿದ್ದುದು ಡಿಸ್ಟ್ರಿಬ್ಯೂಟರ್. ಅದೂ ಎಂಜಿನ್ನಿನಿಂದಲೇ ತಿರುಗುವ ಯಂತ್ರಭಾಗ. ಹೊತ್ತು ತಪ್ಪಬೇಕಾದರೆ ಹಲ್ಲು ಸವೆಯಬೇಕು ಇಲ್ಲವೆ ಮುರಿಯಬೇಕು.

ಕಿಡಿ ಮತ್ತು ಇಂಧನ ಎರಡನ್ನೂ ಒಂದೇ ಗಣಕ ಪೆಟ್ಟಿಗೆಯಿಂದ ನಿಯಂತ್ರಿಸುವ ಪದ್ಧತಿಯನ್ನು ಜರ್ಮನಿಯ ಬಾಷ್ ಕಂಪನಿ ಮೋಟ್ರಾನಿಕ್ ಎಂಬ ಹೆಸರಿನಲ್ಲಿ 1979ರಲ್ಲಿ ಮಾರುಕಟ್ಟೆಗೆ ತಂದಿತು. ನಮ್ಮ ದೇಶದಲ್ಲಿ ಹೊಗೆಯ ನಿಯಮಗಳು ಬಿಗಿಯಾದಂತೆ ಕಾರ್ಬ್ಯುರೇಟರ್ ಕಾರುಗಳ ತಯಾರಿಕೆ ನಿಂತಿತು. ಭಾರತ್ ಸ್ಟೇಜ್-4 ನಿಯಮ 2017ರ ಏಪ್ರಿಲ್ 1ರಿಂದ ದೇಶಾದ್ಯಂತ ಜಾರಿಗೆ ಬಂತು. ಸ್ಟೇಜ್-6 ನಿಯಮ 2020ರ ಏಪ್ರಿಲ್ 1ರಿಂದ ಬಂತು. ಈಗ ಮಾರಾಟವಾಗುವ ಪ್ರತಿಯೊಂದು ಹೊಸ ಪೆಟ್ರೋಲ್ ಕಾರು ಮತ್ತು ಡೀಸೆಲ್ ಪಿಕಪ್ಪಿನಲ್ಲಿ ಈ ಸೆನ್ಸರ್ ಇದೆ. 50 ಅಶ್ವಶಕ್ತಿಗೆ ಮೇಲ್ಪಟ್ಟ ಟ್ರ್ಯಾಕ್ಟರುಗಳಿಗೂ 2023ರ ಜನವರಿಯಿಂದ ಬಿಗಿಯಾದ ನಿಯಮ ಅನ್ವಯಿಸಿರುವುದರಿಂದ ಅವುಗಳಲ್ಲಿಯೂ ಗಣಕ ನಿಯಂತ್ರಿತ ಎಂಜಿನ್ ಬಂದಿದೆ. ಆದ್ದರಿಂದ ಈ ವಿಷಯ ಕಾರು ಇಟ್ಟುಕೊಂಡವರಿಗಷ್ಟೇ ಸೀಮಿತವಲ್ಲ.

ಸೆನ್ಸರ್ ಮಾಡುವ ಕೆಲಸ

ಪಿಸ್ಟನ್ನಿನ ಮೇಲೆ-ಕೆಳಗೆ ಚಲನೆಯನ್ನು ತಿರುಗುವ ಚಲನೆಯಾಗಿ ಮಾರ್ಪಡಿಸುವ ದಂಡವೇ ಕ್ರ್ಯಾಂಕ್ ಶಾಫ್ಟ್. ಪಿಸ್ಟನ್ ಯಾವ ಕ್ಷಣದಲ್ಲಿ ಎಲ್ಲಿದೆ ಎಂಬುದು ಈ ದಂಡ ಎಷ್ಟು ತಿರುಗಿದೆ ಎಂಬುದರಿಂದ ತಿಳಿಯುತ್ತದೆ. ದಂಡದ ಒಂದು ತುದಿಯಲ್ಲಿ, ಮುಂದಿನ ಪುಲ್ಲಿಯ ಬಳಿ ಅಥವಾ ಹಿಂದಿನ ಫ್ಲೈವೀಲಿನ ಬಳಿ, ಹಲ್ಲುಗಳುಳ್ಳ ಒಂದು ಉಕ್ಕಿನ ಚಕ್ರವಿರುತ್ತದೆ. ಅನೇಕ ವಾಹನಗಳಲ್ಲಿ ಈ ಚಕ್ರದಲ್ಲಿ 60 ಹಲ್ಲುಗಳಿಗೆ ಸ್ಥಳವಿದ್ದು 58 ಹಲ್ಲು ಮಾತ್ರ ಇರುತ್ತವೆ. ಎರಡು ಹಲ್ಲುಗಳನ್ನು ಬೇಕೆಂದೇ ಬಿಟ್ಟಿರುತ್ತಾರೆ. ಸೆನ್ಸರ್ ಈ ಹಲ್ಲುಗಳಿಗೆ ಸುಮಾರು ಒಂದು ಮಿಲಿಮೀಟರ್ ಅಂತರದಲ್ಲಿ ಮುಟ್ಟದೆ ನಿಂತಿರುತ್ತದೆ. ಒಂದೊಂದು ಹಲ್ಲು ಹಾದುಹೋದಾಗ ಒಂದೊಂದು ವಿದ್ಯುತ್ ಮಿಡಿತ ಹುಟ್ಟುತ್ತದೆ. ಮಿಡಿತಗಳ ವೇಗದಿಂದ ಎಂಜಿನ್ನಿನ ವೇಗವೂ, ಹಲ್ಲಿಲ್ಲದ ಖಾಲಿ ಜಾಗದಿಂದ ದಂಡದ ಸ್ಥಾನವೂ ಗಣಕಕ್ಕೆ ತಿಳಿಯುತ್ತವೆ.

ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ಸೆಕೆಂಡಿಗೆ 50 ಸುತ್ತು, ಅಂದರೆ 18,000 ಡಿಗ್ರಿ ಆಗುತ್ತದೆ. ಒಂದು ಡಿಗ್ರಿ ತಿರುಗಲು ಬೇಕಾಗುವ ಕಾಲ ಸೆಕೆಂಡಿನ ಹದಿನೆಂಟು ಸಾವಿರದ ಒಂದು ಭಾಗ. ಕಿಡಿ ಕೆಲವೇ ಡಿಗ್ರಿ ಹಿಂದೆ ಮುಂದೆ ಆದರೂ ಎಂಜಿನ್ ಬಡಿಯುತ್ತದೆ ಇಲ್ಲವೆ ಬಲ ಕಳೆದುಕೊಳ್ಳುತ್ತದೆ. ಹೀಗಿರುವಾಗ ಮಿಡಿತವೇ ಬರದಿದ್ದರೆ ಗಣಕಕ್ಕೆ ಎಂಜಿನ್ ತಿರುಗುತ್ತಿದೆ ಎಂಬುದೇ ಗೊತ್ತಾಗುವುದಿಲ್ಲ. ಅದು ಕಿಡಿಯನ್ನೂ ಕೊಡುವುದಿಲ್ಲ, ಇಂಧನವನ್ನೂ ಬಿಡುವುದಿಲ್ಲ. ಕ್ಯಾಮ್ ಶಾಫ್ಟಿನ ಬಳಿ ಇರುವ ಇನ್ನೊಂದು ಸೆನ್ಸರಿನ ನೆರವಿನಿಂದ ಹೇಗೋ ನಡೆಯುವ ಎಂಜಿನ್ನುಗಳೂ ಕೆಲವಿವೆ. ಅಂಥವು ಬಹಳ ಹೊತ್ತು ಸೆಲ್ಫ್ ಹೊಡೆದ ಮೇಲೆ ಹೊರಡುತ್ತವೆ. ಉಳಿದವು ಸುಮ್ಮನೆ ನಿಲ್ಲುತ್ತವೆ.

ಎರಡು ಬಗೆಯ ಸೆನ್ಸರುಗಳು

ಪರೀಕ್ಷೆಗೆ ಮೊದಲು ಸೆನ್ಸರ್ ಯಾವ ಬಗೆಯದೆಂದು ತಿಳಿಯುವುದು ಅವಶ್ಯ, ಏಕೆಂದರೆ ಒಂದಕ್ಕೆ ಮಾಡುವ ಪರೀಕ್ಷೆ ಇನ್ನೊಂದಕ್ಕೆ ಸಲ್ಲುವುದಿಲ್ಲ.

ಮೊದಲನೆಯದು ಸುರುಳಿ ಬಗೆ. ಇದರಲ್ಲಿ ಒಂದು ಅಯಸ್ಕಾಂತ, ಅದರ ಸುತ್ತ ಕೂದಲೆಳೆಯಂಥ ತಾಮ್ರದ ತಂತಿಯ ಸುರುಳಿ ಇರುತ್ತವೆ. 1831ರಲ್ಲಿ ಮೈಕೇಲ್ ಫ್ಯಾರಡೆ ಕಂಡುಹಿಡಿದ ತತ್ವವೇ ಇದಕ್ಕೆ ಆಧಾರ. ಸೈಕಲ್ಲಿನ ಡೈನಮೋ ಕೂಡ ಅದೇ ತತ್ವದ ಮೇಲೆ ಬೆಳಗುತ್ತದೆ. ಈ ಸೆನ್ಸರಿಗೆ ಹೊರಗಿನ ವಿದ್ಯುತ್ ಬೇಡ, ತಾನೇ ಉತ್ಪಾದಿಸುತ್ತದೆ. ಸಾಮಾನ್ಯವಾಗಿ ಎರಡು ತಂತಿಗಳಿರುತ್ತವೆ. ಕೆಲವಕ್ಕೆ ಮೂರನೆಯದಾಗಿ ರಕ್ಷಾಕವಚದ ತಂತಿಯೂ ಇರುತ್ತದೆ. ಡೈನಮೋ ದೀಪ ನಿಧಾನ ತುಳಿದರೆ ಮಂಕಾಗುವಂತೆ, ಎಂಜಿನ್ ನಿಧಾನ ತಿರುಗಿದರೆ ಇದರ ಮಿಡಿತವೂ ಕ್ಷೀಣಿಸುತ್ತದೆ. ಬ್ಯಾಟರಿ ದುರ್ಬಲವಾಗಿ ಸ್ಟಾರ್ಟರ್ ನಿಧಾನ ತಿರುಗಿದಾಗ, ಹಳೆಯದಾದ ಸೆನ್ಸರಿನ ಮಿಡಿತ ಗಣಕಕ್ಕೆ ಮುಟ್ಟದೆಯೇ ಹೋಗಬಹುದು.

ಎರಡನೆಯದು ಹಾಲ್ ಬಗೆ. 1879ರಲ್ಲಿ ಅಮೆರಿಕದ ಎಡ್ವಿನ್ ಹಾಲ್ ಕಂಡುಕೊಂಡ ಪರಿಣಾಮದಿಂದ ಈ ಹೆಸರು ಬಂದಿದೆ. ಇದಕ್ಕೆ ಮೂರು ತಂತಿ: ಒಂದರಲ್ಲಿ ಗಣಕದಿಂದ ಸಾಮಾನ್ಯವಾಗಿ 5 ವೋಲ್ಟ್, ಕೆಲವು ವಾಹನಗಳಲ್ಲಿ 12 ವೋಲ್ಟ್ ಬರುತ್ತದೆ, ಒಂದು ಅರ್ತ್, ಇನ್ನೊಂದು ಮಿಡಿತದ ತಂತಿ. ಒಳಗೆ ಒಂದು ಎಲೆಕ್ಟ್ರಾನಿಕ್ ಚಿಪ್ಪು ಇರುತ್ತದೆ. ವೇಗ ಎಷ್ಟೇ ಇರಲಿ, ಇದರ ಮಿಡಿತ ಇದ್ದರೆ ಪೂರ್ತಿ, ಇಲ್ಲದಿದ್ದರೆ ಸೊನ್ನೆ.

ತಂತಿ ಎಣಿಸಿ ಬಗೆಯನ್ನು ಊಹಿಸುವುದು ವಾಡಿಕೆ. ಆದರೆ ರಕ್ಷಾಕವಚವುಳ್ಳ ಸುರುಳಿ ಸೆನ್ಸರಿಗೂ ಮೂರು ತಂತಿ ಇರುವುದರಿಂದ ವಾಹನದ ಕೈಪಿಡಿಯನ್ನು ನೋಡಿ ಖಚಿತಪಡಿಸಿಕೊಳ್ಳುವುದು ಒಳ್ಳೆಯದು.

ಬಿಸಿಯಾದಾಗಲೇ ಏಕೆ ಕೆಡುತ್ತದೆ

ಸುರುಳಿಯ ತಂತಿಯಲ್ಲಿ ವರ್ಷಗಳ ಅದುರುವಿಕೆಯಿಂದ ಕಣ್ಣಿಗೆ ಕಾಣದ ಬಿರುಕು ಹುಟ್ಟುತ್ತದೆ. ತಣ್ಣಗಿರುವಾಗ ಬಿರುಕಿನ ಎರಡು ತುದಿಗಳು ಒಂದಕ್ಕೊಂದು ತಾಗಿರುತ್ತವೆ. ಎಂಜಿನ್ ಕಾದಂತೆ ತಂತಿ ಮತ್ತು ಅದರ ಸುತ್ತಣ ಪ್ಲಾಸ್ಟಿಕ್ ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗಿ ತುದಿಗಳು ದೂರವಾಗುತ್ತವೆ, ಮಿಡಿತ ನಿಲ್ಲುತ್ತದೆ. ತಣಿದಾಗ ಮತ್ತೆ ತಾಗುತ್ತವೆ. ಹಾಲ್ ಬಗೆಯಲ್ಲಿ ಇದೇ ಆಟವನ್ನು ಬೆಸುಗೆಯ ಬಿರುಕು ಆಡುತ್ತದೆ. ಸೆನ್ಸರ್ ಎಂಜಿನ್ನಿನ ಮೈಗೇ ಅಂಟಿಕೊಂಡಿರುವುದರಿಂದ, ಏರಿನಲ್ಲಿ ಎರಡನೆಯ ಗೇರಿನಲ್ಲಿ ಭಾರ ಎಳೆಯುವಾಗ ಹೆಚ್ಚು ಕಾಯುತ್ತದೆ. ಎಂಜಿನ್ ಆರಿಸಿದ ಮೇಲಿನ ಹತ್ತು ನಿಮಿಷ ಗಾಳಿಯ ಓಟವಿಲ್ಲದೆ ಇನ್ನೂ ಸ್ವಲ್ಪ ಕಾಯುವುದುಂಟು. ಶಿರಸಿಯ ಪೇಟೆಯಲ್ಲಿ ಹದಿನೈದು ನಿಮಿಷ ನಿಲ್ಲಿಸಿ ಹಿಂದಿರುಗಿ ಬಂದಾಗ ವಾಹನ ಹೊರಡದಿರುವುದಕ್ಕೆ ಇದು ಕಾರಣವಾಗಿರಬಹುದು.

ಗುರುತುಗಳು

ಥಟ್ಟನೆ ನಿಲ್ಲುವುದೇ ಮುಖ್ಯ ಗುರುತು. ಇಂಧನದ ಕೊರತೆಯಿಂದ ನಿಲ್ಲುವ ಎಂಜಿನ್ ಹಾಗೆ ನಿಲ್ಲುವುದಿಲ್ಲ. ಮೊದಲು ಬಲ ಕುಂದುತ್ತದೆ, ಮುಗ್ಗರಿಸುತ್ತದೆ, ಕಾಲು ಒತ್ತಿದರೂ ಏಳುವುದಿಲ್ಲ, ಆಮೇಲೆ ಆರುತ್ತದೆ. ಸೆನ್ಸರಿನ ಮಿಡಿತ ಕಡಿದಾಗ ಮುನ್ಸೂಚನೆ ಇರುವುದಿಲ್ಲ. ಎಂಜಿನ್ನಿನ ಸುತ್ತು ತೋರಿಸುವ ಮುಳ್ಳು ಇರುವ ವಾಹನವಾದರೆ ಅದರ ಮೇಲೆ ಕಣ್ಣಿಡಬೇಕು. ವಾಹನ ಗೇರಿನಲ್ಲಿ ಇನ್ನೂ ಉರುಳುತ್ತಿರುವಾಗ, ಎಂಜಿನ್ ತಿರುಗುತ್ತಿರುವಾಗಲೇ, ಮುಳ್ಳು ಸೊನ್ನೆಗೆ ಬಿದ್ದರೆ ಮಿಡಿತ ಕಡಿದಿದೆಯೆಂದು ಬಹುಮಟ್ಟಿಗೆ ಹೇಳಬಹುದು. ಅದೇ ರೀತಿ ಸೆಲ್ಫ್ ಹೊಡೆಯುವಾಗ ಮುಳ್ಳು ಸ್ವಲ್ಪವಾದರೂ ಏಳಬೇಕು. ಎಲ್ಲ ವಾಹನಗಳಲ್ಲಿಯೂ ಏಳುವುದಿಲ್ಲವಾದ್ದರಿಂದ, ವಾಹನ ಸುಸ್ಥಿತಿಯಲ್ಲಿದ್ದಾಗಲೇ ಒಮ್ಮೆ ಗಮನಿಸಿ ನೆನಪಿಟ್ಟುಕೊಂಡರೆ ಆಪತ್ತಿನ ದಿನ ಉಪಯೋಗವಾಗುತ್ತದೆ.

ಓಡುತ್ತಿರುವಾಗ ಒಂದು ಕ್ಷಣ ಝಾಡಿಸಿದಂತಾಗಿ ಮತ್ತೆ ಸರಿಹೋಗುವುದು, ಎಂಜಿನ್ ಚಿತ್ರದ ಹಳದಿ ದೀಪ ಕಾಣಿಸಿಕೊಂಡು ಮಾಯವಾಗುವುದು, ದಿನದಿಂದ ದಿನಕ್ಕೆ ನಿಲ್ಲುವ ಅಂತರ ಕಡಿಮೆಯಾಗುತ್ತ ಬರುವುದು, ಇವೂ ಗುರುತುಗಳೇ. ಆದರೆ ಗುರುತು ಬೇರೆ, ರೋಗ ಬೇರೆ. ಅಡಿಕೆಯ ಹೆಡೆ ಹಳದಿಯಾದ ಕೂಡಲೇ ಯೂರಿಯಾ ಹಾಕುವವರಿದ್ದಾರೆ. ಬುಡದಲ್ಲಿ ನೀರು ನಿಂತು ಬೇರು ಕೊಳೆತಿದ್ದರೂ ಹೆಡೆ ಹಳದಿಯೇ ಆಗುತ್ತದೆ. ವಾಹನದ ವಿಷಯದಲ್ಲಿಯೂ ಇದೇ ಅವಸರ ಹಣ ತಿನ್ನುತ್ತದೆ.

ಇಂಧನದ ಪಂಪಿನ ಮೇಲೆ ಬರುವ ಅಪವಾದ

ಪೆಟ್ರೋಲ್ ಕಾರುಗಳಲ್ಲಿ ಹೆಚ್ಚು ಹಣ ವ್ಯರ್ಥವಾಗುವುದು ಇಲ್ಲಿ. ಕೀಲಿ ತಿರುಗಿಸಿದ ಕೂಡಲೇ ಟಾಂಕಿಯಲ್ಲಿರುವ ಪಂಪು ಎರಡು ಸೆಕೆಂಡುಗಳಷ್ಟು ಗುಂಯ್‌ಗುಟ್ಟಿ ನಿಲ್ಲುತ್ತದೆ. ಅನಂತರ ಎಂಜಿನ್ ತಿರುಗುತ್ತಿದೆ ಎಂಬ ಮಿಡಿತ ಬಂದರೆ ಮಾತ್ರ ಗಣಕವು ಪಂಪನ್ನು ಮತ್ತೆ ನಡೆಸುತ್ತದೆ. ಅಪಘಾತವಾಗಿ ಎಂಜಿನ್ ನಿಂತಾಗ ಪೆಟ್ರೋಲ್ ಹರಿದು ಬೆಂಕಿ ಹತ್ತದಿರಲೆಂದು ಈ ಏರ್ಪಾಡು. ಸೆನ್ಸರ್ ಕೆಟ್ಟಿದ್ದರೆ ಸೆಲ್ಫ್ ಹೊಡೆಯುವಾಗ ಪಂಪು ಓಡುವುದೇ ಇಲ್ಲ. ಪಂಪಿಗೆ ವಿದ್ಯುತ್ ಬರುತ್ತಿಲ್ಲ, ಪೈಪಿನಲ್ಲಿ ಒತ್ತಡವಿಲ್ಲ ಎಂದು ಕಂಡವರು ಪಂಪನ್ನೇ ಬದಲಾಯಿಸುತ್ತಾರೆ. ಆ ಹೊತ್ತಿಗೆ ಎಂಜಿನ್ ತಣಿದಿರುತ್ತದೆ, ವಾಹನ ಹೊರಡುತ್ತದೆ, ಹೊಸ ಪಂಪಿಗೆ ಕೀರ್ತಿ ಬರುತ್ತದೆ.

ಕೀಲಿ ತಿರುಗಿಸಿದಾಗ ಎರಡು ಸೆಕೆಂಡಿನ ಸದ್ದು ಕೇಳಿಸಿತೇ ಎಂಬುದನ್ನು ಹಿಂದಿನ ಸೀಟಿನ ಬಳಿ ಕಿವಿಗೊಟ್ಟು ಪರೀಕ್ಷಿಸಬೇಕು. ಸದ್ದು ಇದ್ದು, ಸೆಲ್ಫ್ ಹೊಡೆಯುವಾಗ ಕಿಡಿಯೂ ಇಲ್ಲ, ಇಂಧನವೂ ಇಲ್ಲ ಎಂದಾದರೆ ಎರಡಕ್ಕೂ ಸಾಮಾನ್ಯವಾದ ಕಾರಣವನ್ನೇ ಹುಡುಕಬೇಕು. ಕಿಡಿ ಇದ್ದು ಇಂಧನ ಮಾತ್ರ ಇಲ್ಲದಿದ್ದರೆ ಕ್ರ್ಯಾಂಕ್ ಸೆನ್ಸರನ್ನು ಬಿಟ್ಟು ಪಂಪಿನ ಕಡೆಗೆ ಹೋಗಬಹುದು. ಕಿಡಿಯ ಪರೀಕ್ಷೆಯನ್ನು ಮಾತ್ರ ಬಲ್ಲ ಮೆಕ್ಯಾನಿಕ್ಕೇ ಮಾಡತಕ್ಕದ್ದು. ಇಂದಿನ ಕಾಯಿಲುಗಳ ವಿದ್ಯುತ್ ಹತ್ತಾರು ಸಾವಿರ ವೋಲ್ಟಿನದು. ಹಳೆಯ ಕಾಲದಂತೆ ತಂತಿ ಕಿತ್ತು ಮೈಗೆ ತಾಗಿಸಿ ನೋಡಿದರೆ ಗಣಕವೂ ಸುಡಬಹುದು.

ಡೀಸೆಲ್ ವಾಹನದವರಿಗೆ ಇನ್ನೂ ಗಂಭೀರವಾದ ಒಂದು ಎಚ್ಚರಿಕೆ. ಹಳೆಯ ಜೀಪು ನಿಂತಾಗ ಇಂಜೆಕ್ಟರಿನ ನಟ್ಟು ಸಡಿಲಿಸಿ ಗಾಳಿ ತೆಗೆಯುವುದು ಮಲೆನಾಡಿನ ಪ್ರತಿಯೊಬ್ಬ ಚಾಲಕನಿಗೂ ಗೊತ್ತಿದ್ದ ವಿದ್ಯೆ. ಕಾಮನ್ ರೇಲ್ ಎಂಜಿನ್ನಿನಲ್ಲಿ ಇದನ್ನು ಎಂದಿಗೂ ಮಾಡಬಾರದು. ಈ ಎಂಜಿನ್ ನಡೆಯುವಾಗ ಪೈಪಿನಲ್ಲಿರುವ ಒತ್ತಡ ವಾತಾವರಣದ ಒತ್ತಡದ ಸಾವಿರ ಪಟ್ಟಿಗೂ ಮೇಲೆ ಹೋಗುತ್ತದೆ, ಸೆಲ್ಫ್ ಹೊಡೆಯುವಾಗಲೇ ನೂರಾರು ಪಟ್ಟು ಇರುತ್ತದೆ. ಬೋರ್ಡೋ ದ್ರಾವಣ ಹೊಡೆಯುವ ಪಂಪಿನ ಒತ್ತಡ ಇದರ ಮುಂದೆ ಏನೂ ಅಲ್ಲ. ಸಡಿಲಾದ ನಟ್ಟಿನಿಂದ ಚಿಮ್ಮುವ ಡೀಸೆಲ್ ಚರ್ಮವನ್ನು ತೂರಿ ಒಳಗೆ ಹೋಗುತ್ತದೆ. ಗಾಯ ಸೂಜಿಮೊನೆಯಷ್ಟು ಕಂಡರೂ ಕೈ ಕಳೆದುಕೊಳ್ಳುವ ಸಂಭವವಿದೆ; ಕೂಡಲೇ ಆಸ್ಪತ್ರೆಗೆ ಹೋಗಬೇಕಾಗುತ್ತದೆ.

ಘಟ್ಟದಲ್ಲಿ ಎಂಜಿನ್ ನಿಂತರೆ

ದೋಷ ಪತ್ತೆಯಾಗುವ ಮೊದಲೇ ವಾಹನವನ್ನು ಕುಮಟಾ ದಾರಿಯ ದೇವಿಮನೆ ಘಟ್ಟಕ್ಕೋ ಅಂಕೋಲಾ ದಾರಿಯ ಅರಬೈಲ್ ಘಟ್ಟಕ್ಕೋ ಒಯ್ಯಬೇಕಾದ ಸಂದರ್ಭ ಬರಬಹುದು. ಒಯ್ಯದಿರುವುದೇ ಕ್ಷೇಮ. ಒಯ್ದು ಇಳಿಜಾರಿನಲ್ಲಿ ನಿಂತರೆ ಕೀಲಿಯನ್ನು ಹೊರಗೆ ಎಳೆಯಬಾರದು, ಸ್ಟೀರಿಂಗ್ ಬೀಗ ಬೀಳುತ್ತದೆ. ಗೇರಿನಲ್ಲೇ ಬಿಟ್ಟು ಕ್ಲಚ್ಚಿನಿಂದ ಕಾಲು ತೆಗೆದರೆ ಚಕ್ರಗಳು ಎಂಜಿನ್ನನ್ನು ತಿರುಗಿಸುತ್ತವೆ. ಅದು ಇಳಿಜಾರಿಗೆ ತಡೆಯಾಗುವುದರ ಜೊತೆಗೆ ಬ್ರೇಕಿನ ಬೂಸ್ಟರಿಗೂ ನೆರವಾಗುತ್ತದೆ. ನ್ಯೂಟ್ರಲ್ ಮಾಡಿ ಬ್ರೇಕನ್ನು ಪದೇ ಪದೇ ತುಳಿದರೆ ಎರಡು ಮೂರು ಸಲಕ್ಕೆ ಬೂಸ್ಟರಿನ ಶಕ್ತಿ ಮುಗಿದು ಪೆಡಲ್ ಕಲ್ಲಿನಂತಾಗುತ್ತದೆ. ಆದ್ದರಿಂದ ಒಮ್ಮೆ ಒತ್ತಿದ ಬ್ರೇಕನ್ನು ಬಿಡದೆ ಅಂಚಿಗೆ ತಂದು ನಿಲ್ಲಿಸಬೇಕು. ಏರಿನಲ್ಲಿ ನಿಂತರೆ ಬ್ರೇಕ್ ಗಟ್ಟಿಯಾಗಿ ಒತ್ತಿ, ಕೈಬ್ರೇಕ್ ಎಳೆದು, ಒಂದನೆಯ ಗೇರಿಗೆ ಹಾಕಿ, ಚಕ್ರದ ಹಿಂದೆ ಕಲ್ಲು ಕೊಟ್ಟ ಮೇಲೆಯೇ ಉಳಿದ ಮಾತು.

ನಿಂತ ಸ್ಥಳದಲ್ಲೇ ಮಾಡಬಹುದಾದ ಒಂದು ಪರೀಕ್ಷೆಯಿದೆ. ಸೆನ್ಸರ್ ಕೈಗೆಟುಕುವಂತಿದ್ದು, ಕೀಲಿ ಆರಿಸಿದ್ದರೆ, ಒದ್ದೆ ಬಟ್ಟೆಯನ್ನು ಹಿಂಡಿ ಸೆನ್ಸರಿನ ಮೈಗೆ ಐದಾರು ನಿಮಿಷ ಸುತ್ತಿಡಬೇಕು. ಬಟ್ಟೆ ತೆಗೆದು ಸೆಲ್ಫ್ ಹೊಡೆದಾಗ ಎಂಜಿನ್ ಹೊರಟರೆ ಸಂಶಯ ಬಲವಾಗುತ್ತದೆ. ಕೊಡದಿಂದ ನೀರು ಸುರಿಯುವುದು ಬೇಡ; ಬಿಸಿ ಸೈಲೆನ್ಸರ್ ಮತ್ತು ಪ್ಲಗ್ಗುಗಳ ಮೇಲೆ ನೀರು ಬಿದ್ದರೆ ಇನ್ನೊಂದು ತೊಂದರೆ ಹುಟ್ಟುತ್ತದೆ.

ಪರೀಕ್ಷೆಯ ಕ್ರಮ

ಮೊದಲು ಬ್ಯಾಟರಿ. ಸೆಲ್ಫ್ ಹೊಡೆಯುವಾಗ ಅದರ ಮೇಲೆ 10 ವೋಲ್ಟಿಗಿಂತ ಕಡಿಮೆ ಕಂಡರೆ ಬ್ಯಾಟರಿ ಮತ್ತು ಅದರ ತುದಿಗಳನ್ನು ಸರಿಪಡಿಸದೆ ಮುಂದೆ ಹೋಗಬಾರದು. ಕೀಲಿ ಚಿತ್ರದ ದೀಪ ಮಿನುಗುತ್ತಿದ್ದರೆ ಅದು ಕಳ್ಳತನ ತಡೆಯ ಏರ್ಪಾಡಿನ ತಕರಾರು, ಸೆನ್ಸರಿನದಲ್ಲ. ಸ್ಟಾರ್ಟರ್ ಎಂದಿಗಿಂತ ಹಗುರಾಗಿ, ತಡೆಯೇ ಇಲ್ಲದಂತೆ ತಿರುಗಿದರೆ ಟೈಮಿಂಗ್ ಬೆಲ್ಟ್ ತುಂಡಾಗಿರಬಹುದು. ಆಗ ಮತ್ತೆ ಮತ್ತೆ ಸೆಲ್ಫ್ ಹೊಡೆಯುವುದನ್ನು ನಿಲ್ಲಿಸಬೇಕು.

ಅನಂತರ ಗಣಕದ ನೆನಪನ್ನು ಓದಿಸಬೇಕು. ಡ್ಯಾಶ್‌ಬೋರ್ಡಿನ ಕೆಳಗೆ 16 ಕಡ್ಡಿಯ ಒಂದು ಸಾಕೆಟ್ ಇರುತ್ತದೆ; ಸ್ಕ್ಯಾನರ್ ಎಂಬ ಉಪಕರಣವನ್ನು ಅದಕ್ಕೆ ಸಿಕ್ಕಿಸಿದರೆ ದೋಷದ ಸಂಖ್ಯೆಗಳು ಬರುತ್ತವೆ. ಪಿ-0335ರಿಂದ ಪಿ-0339ರವರೆಗಿನ ಸಂಖ್ಯೆಗಳು ಕ್ರ್ಯಾಂಕ್ ಸೆನ್ಸರಿಗೆ ಸಂಬಂಧಿಸಿದವು. ಕೊನೆಯದಾದ ಪಿ-0339 ಬಂದು ಹೋಗುವ ದೋಷವನ್ನು ಸೂಚಿಸುತ್ತದೆ. ಪಿ-0340 ಎಂದರೆ ಕ್ಯಾಮ್ ಸೆನ್ಸರಿನದು. ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಪಿ-0335 ಎಂದು ಬಂದರೆ ಸೆನ್ಸರ್ ಕೆಟ್ಟಿದೆ ಎಂದು ಅರ್ಥವಲ್ಲ. ಸೆನ್ಸರಿನ ಸರ್ಕ್ಯೂಟಿನಿಂದ ಸರಿಯಾದ ಮಿಡಿತ ಗಣಕಕ್ಕೆ ಬರುತ್ತಿಲ್ಲ ಎಂದಷ್ಟೇ ಅರ್ಥ. ತಂತಿ ತುಂಡಾಗಿದ್ದರೂ ಅದೇ ಸಂಖ್ಯೆ, ಸೆನ್ಸರ್ ಬೋಲ್ಟ್ ಸಡಿಲಾಗಿದ್ದರೂ ಅದೇ ಸಂಖ್ಯೆ. ಸಂಖ್ಯೆ ಬಾರದಿದ್ದರೂ ಸೆನ್ಸರ್ ನಿರ್ದೋಷಿ ಎನ್ನಲಾಗದು. ಕೆಲವು ಗಣಕಗಳು ಮಿಡಿತ ನಿಂತುದನ್ನು ಎಂಜಿನ್ ಆರಿಸಿದ್ದೆಂದೇ ಭಾವಿಸಿ ದೋಷವನ್ನು ಬರೆದುಕೊಳ್ಳುವುದಿಲ್ಲ. ಆದ್ದರಿಂದ ಸಂಖ್ಯೆಗಿಂತ ಹೆಚ್ಚು ಉಪಯುಕ್ತವಾದುದು, ವಾಹನ ಹೊರಡದೆ ಇರುವ ಹೊತ್ತಿನಲ್ಲೇ ಸ್ಕ್ಯಾನರಿನ ಪರದೆಯಲ್ಲಿ ಎಂಜಿನ್ ವೇಗವನ್ನು ನೋಡುವುದು. ಸೆಲ್ಫ್ ಹೊಡೆಯುವಾಗ 150ರಿಂದ 250 ಸುತ್ತು ತೋರಿಸಿದರೆ ಮಿಡಿತ ಬರುತ್ತಿದೆ. ಸ್ಟಾರ್ಟರ್ ಚೆನ್ನಾಗಿ ತಿರುಗುತ್ತಿದ್ದರೂ ಸೊನ್ನೆ ತೋರಿಸಿದರೆ ಬರುತ್ತಿಲ್ಲ. ಇದಕ್ಕಾಗಿ ದೋಷ ಬಂದಾಗಲೇ ಮೆಕ್ಯಾನಿಕ್ಕನ್ನು ವಾಹನದ ಬಳಿಗೆ ಕರೆಸುವುದು, ಅಥವಾ ಸ್ಕ್ಯಾನರ್ ಸಿಕ್ಕಿಸಿಕೊಂಡೇ ದೋಷ ಬರುವವರೆಗೆ ಏರಿನಲ್ಲಿ ಓಡಿಸುವುದು ಒಳ್ಳೆಯದು.

ಮೂರನೆಯದಾಗಿ ಕಣ್ಣಿನ ಪರೀಕ್ಷೆ. ಸೆನ್ಸರಿನಿಂದ ಹೊರಟ ತಂತಿಯನ್ನು ಗಣಕದವರೆಗೂ ಹಿಂಬಾಲಿಸಿ ನೋಡಬೇಕು. ಮಲೆನಾಡಿನಲ್ಲಿ ಇಲ್ಲಿಯೇ ಬಹಳ ಸಲ ಉತ್ತರ ಸಿಗುತ್ತದೆ. ಅಡಿಕೆ ಮೂಟೆ, ಹುಲ್ಲು, ದರಕು ಇರುವ ಕೊಟ್ಟಿಗೆಯ ಪಕ್ಕದಲ್ಲೇ ವಾಹನ ನಿಲ್ಲುವುದರಿಂದ ಮಳೆಗಾಲದಲ್ಲಿ ಇಲಿಗಳು ಬೆಚ್ಚಗಿನ ಎಂಜಿನ್ನಿನ ಮೇಲೆ ಸೇರಿಕೊಂಡು ತಂತಿಯ ಹೊದಿಕೆ ಕಡಿಯುತ್ತವೆ. ಜೂನ್‌ನಿಂದ ಸೆಪ್ಟೆಂಬರಿನವರೆಗಿನ ಒದ್ದೆಯಲ್ಲಿ ಕನೆಕ್ಟರಿನ ಕಡ್ಡಿಗಳಿಗೆ ಹಸಿರು ಕಿಲುಬು ಹಿಡಿಯುತ್ತದೆ. ಕೆಂಪು ರಾಡಿ ಒಣಗಿ ತಂತಿಗೆ ಗಟ್ಟಿಯಾಗಿ ಅಂಟಿ, ಅದುರಿದಾಗಲೆಲ್ಲ ಉಜ್ಜುತ್ತದೆ. ಹಿಂದಿನ ಆಯಿಲ್ ಸೀಲು ಸೋರಿದ್ದರೆ ಎಣ್ಣೆಯಲ್ಲಿ ನೆಂದ ಹೊದಿಕೆ ಮೆತ್ತಗಾಗಿ ಬಿರಿಯುತ್ತದೆ.

ಘಟ್ಟದ ವಾಹನಗಳಲ್ಲಿ ಕ್ಲಚ್ ಬೇಗ ಸವೆಯುವುದು ಎಲ್ಲರಿಗೂ ತಿಳಿದ ಸಂಗತಿ. ಸೆನ್ಸರ್ ಫ್ಲೈವೀಲಿನ ಬಳಿ ಇರುವ ವಾಹನಗಳಲ್ಲಿ ಗೇರ್‌ಬಾಕ್ಸ್ ಇಳಿಸಿ ಏರಿಸುವಾಗ ಅದರ ತಂತಿ ಎರಡು ಲೋಹಗಳ ನಡುವೆ ಸಿಕ್ಕಿಕೊಳ್ಳಬಹುದು, ಬೋಲ್ಟ್ ಅರ್ಧ ಬಿಗಿಯಾಗಿ ಉಳಿಯಬಹುದು. ಕ್ಲಚ್ ಅಥವಾ ಸ್ಟಾರ್ಟರಿನ ಕೆಲಸವಾದ ಕೆಲವೇ ವಾರಗಳಲ್ಲಿ ಈ ತೊಂದರೆ ಪ್ರಾರಂಭವಾಗಿದ್ದರೆ ಮೊದಲು ಅಲ್ಲಿ ನೋಡಬೇಕು.

ಸೆನ್ಸರನ್ನು ಬಿಚ್ಚಿದಾಗ ಅದರ ಮೂತಿಗೆ ಕಬ್ಬಿಣದ ಪುಡಿ ಮೀಸೆಯಂತೆ ಅಂಟಿಕೊಂಡಿರುವುದುಂಟು. ಅಯಸ್ಕಾಂತವಾದ್ದರಿಂದ ಕ್ಲಚ್ ಮತ್ತು ಸ್ಟಾರ್ಟರ್ ಹಲ್ಲುಗಳ ಸವೆತವೆಲ್ಲ ಅಲ್ಲಿ ಬಂದು ಸೇರುತ್ತದೆ. ಅದನ್ನು ಬಟ್ಟೆಯಿಂದ ಒರೆಸಿ ಮತ್ತೆ ಹಾಕಿದೊಡನೆ ಹೊರಟುಬಿಡುವ ವಾಹನಗಳೂ ಇವೆ. ಖರ್ಚೇ ಇಲ್ಲದ ದುರಸ್ತಿ. ಜೊತೆಗೆ, ಸೆನ್ಸರ್ ತೆಗೆದ ರಂಧ್ರದಿಂದ ಇಣುಕಿ ಎಂಜಿನ್ನನ್ನು ಕೈಯಿಂದ ತಿರುಗಿಸುತ್ತ ಹಲ್ಲುಗಳು ಮುರಿದಿಲ್ಲವೆಂದು ನೋಡಿಕೊಳ್ಳಬೇಕು.

ಮೀಟರಿನ ಪರೀಕ್ಷೆ

ಸುರುಳಿ ಬಗೆಯದಾದರೆ ಕನೆಕ್ಟರ್ ಕಳಚಿ ಸೆನ್ಸರಿನ ಎರಡು ಕಡ್ಡಿಗಳ ನಡುವಿನ ತಡೆಯನ್ನು ಅಳೆಯಬೇಕು. ಅನೇಕ ವಾಹನಗಳಲ್ಲಿ ಇದು 500ರಿಂದ 1500 ಓಮ್ ಒಳಗೆ ಇರುತ್ತದೆ. ಸರಿಯಾದ ಅಂಕೆ ಕೈಪಿಡಿಯಲ್ಲಿ ಸಿಗುತ್ತದೆ. ತಣ್ಣಗಿರುವಾಗ ಸರಿಯಿದೆ ಎಂದು ಕಂಡದ್ದರಿಂದ ಏನೂ ಸಿದ್ಧವಾಗುವುದಿಲ್ಲ, ತಣ್ಣಗಿರುವಾಗ ವಾಹನವೂ ಸರಿಯಾಗಿಯೇ ಇತ್ತಲ್ಲ! ಬಿಸಿ ಮಾಡಿ ಅಳೆಯಬೇಕು. ಬಿಚ್ಚಿದ ಸೆನ್ಸರಿಗೆ ಮೀಟರಿನ ತಂತಿಗಳನ್ನು ಸಿಕ್ಕಿಸಿ, ಗಟ್ಟಿ ಪ್ಲಾಸ್ಟಿಕ್ ಚೀಲದಲ್ಲಿ ಮೂತಿಯನ್ನು ಸುತ್ತಿ, ಕನೆಕ್ಟರ್ ಮೇಲಿರುವಂತೆ ಹಿಡಿದು ಬಿಸಿನೀರಿನಲ್ಲಿ ಹತ್ತು ನಿಮಿಷ ಮುಳುಗಿಸಬೇಕು. ನೀರು 80 ಡಿಗ್ರಿ ಸೆಲ್ಸಿಯಸ್ ಸುಮಾರಿಗಿದ್ದರೆ ಸಾಕು. ಅಡಿಕೆ ಬೇಯಿಸುವ ಹಂಡೆಯ ಕೊತಕೊತ ಕುದಿಯುವ ನೀರು ಬೇಡ.

ಬಿಸಿಯಾದಂತೆ ತಡೆ ಏರುವುದು ಸಹಜ. ತಾಮ್ರದ ತಡೆ ಒಂದು ಡಿಗ್ರಿಗೆ ಶೇಕಡಾ 0.39ರಂತೆ ಏರುತ್ತದೆ. 25 ಡಿಗ್ರಿಯಲ್ಲಿ 900 ಓಮ್ ಇದ್ದುದು 80 ಡಿಗ್ರಿಯಲ್ಲಿ ಸುಮಾರು 1090 ಓಮ್ ಆದರೆ ಅದನ್ನು ದೋಷವೆಂದು ತಿಳಿಯಬಾರದು. ಅಂಕೆ ಥಟ್ಟನೆ ಜಿಗಿದರೆ, ಬೆರಳಿನಿಂದ ತಟ್ಟಿದಾಗ ಕುಣಿದಾಡಿದರೆ, ಅಥವಾ ಮೀಟರ್ ತುಂಡಾದ ತಂತಿಯ ಗುರುತು ತೋರಿಸಿದರೆ ಸುರುಳಿ ಒಡೆದಿದೆ ಎಂದು ನಿರ್ಧರಿಸಬಹುದು.

ತಡೆ ಸರಿಯಿದ್ದರೆ ಸೆನ್ಸರನ್ನು ಸ್ವಸ್ಥಾನದಲ್ಲಿ ಕೂರಿಸಿ, ಮೀಟರನ್ನು ಎ.ಸಿ. ವೋಲ್ಟಿಗೆ ಇಟ್ಟು, ಗೇರ್ ನ್ಯೂಟ್ರಲ್‌ನಲ್ಲಿಟ್ಟು, ಫ್ಯಾನು-ಬೆಲ್ಟುಗಳಿಂದ ಕೈ ದೂರವಿಟ್ಟುಕೊಂಡು ಇನ್ನೊಬ್ಬರಿಂದ ಸೆಲ್ಫ್ ಹೊಡೆಸಬೇಕು. ಸಾಮಾನ್ಯವಾಗಿ ಅರ್ಧ ವೋಲ್ಟಿನಿಂದ ಎರಡು ವೋಲ್ಟಿನವರೆಗೆ ಕಾಣುತ್ತದೆ. ಏನೂ ಕಾಣದಿದ್ದರೆ ಸೆನ್ಸರ್ ಸತ್ತಿದೆ ಅಥವಾ ಹಲ್ಲಿನಿಂದ ದೂರ ಸರಿದಿದೆ.

ಹಾಲ್ ಬಗೆಯ ಸೆನ್ಸರಿಗೆ ಓಮ್ ಪರೀಕ್ಷೆ ಮಾಡಬಾರದು. ಅದರಿಂದ ಅರ್ಥವಾಗುವುದೇನೂ ಇಲ್ಲ, ಚಿಪ್ಪಿಗೆ ಅಪಾಯವೂ ಉಂಟು. ಕನೆಕ್ಟರ್ ಕಳಚಿ, ಕೀಲಿ ತಿರುಗಿಸಿ, ತಂತಿಯ ಕಡೆಯಲ್ಲಿ 5 ವೋಲ್ಟ್ (ಅಥವಾ ಕೈಪಿಡಿಯಲ್ಲಿ ಹೇಳಿದಷ್ಟು) ಬರುತ್ತಿದೆಯೇ, ಅರ್ತ್ ಗಟ್ಟಿಯಾಗಿದೆಯೇ ನೋಡಬೇಕು. 5 ವೋಲ್ಟ್ ಇಲ್ಲದಿದ್ದರೆ ಸೆನ್ಸರ್ ಬದಲಾಯಿಸಿ ಪ್ರಯೋಜನವಿಲ್ಲ. ಹಲವು ವಾಹನಗಳಲ್ಲಿ ಒಂದೇ 5 ವೋಲ್ಟಿನ ಸಾಲು ನಾಲ್ಕಾರು ಸೆನ್ಸರುಗಳಿಗೆ ಹಂಚಿಹೋಗುವುದರಿಂದ, ಬೇರೊಂದು ಸೆನ್ಸರ್ ಶಾರ್ಟ್ ಆಗಿ ಇದನ್ನೂ ಕೊಂದಿರಬಹುದು. ಒಂದೊಂದಾಗಿ ಕಳಚುತ್ತ ಹೋದರೆ 5 ವೋಲ್ಟ್ ಮರಳಿ ಬಂದಾಗ ಅಪರಾಧಿ ಸಿಗುತ್ತದೆ. ವಿದ್ಯುತ್ ಸರಿಯಿದ್ದರೆ ಕನೆಕ್ಟರ್ ಸಿಕ್ಕಿಸಿ, ಹಿಂಬದಿಯಿಂದ ತೆಳು ಸೂಜಿಯ ಮೂಲಕ ಮಿಡಿತದ ತಂತಿಯನ್ನು ಮುಟ್ಟಿ, ಪುಲ್ಲಿಯ ಬೋಲ್ಟಿಗೆ ಪಾನಾ ಹಾಕಿ ಎಂಜಿನ್ನನ್ನು ನಿಧಾನವಾಗಿ ತಿರುಗಿಸಬೇಕು. ಸ್ಟಾರ್ಟರ್ ತಿರುಗದಂತೆ ಅದರ ಸಣ್ಣ ತಂತಿಯನ್ನು ಮೊದಲೇ ಕಳಚಿಡಬೇಕು. ಮೀಟರ್ 0 ಮತ್ತು 5ರ ನಡುವೆ ಹೊಯ್ದಾಡಿದರೆ ಸೆನ್ಸರ್ ಕೆಲಸ ಮಾಡುತ್ತಿದೆ. ಬಲ್ಬಿನ ಟೆಸ್ಟರನ್ನು ಈ ತಂತಿಗಳಿಗೆ ಹಚ್ಚಬಾರದು. ಗಣಕ ಸುಟ್ಟರೆ ಅದರ ಬೆಲೆಯ ಮುಂದೆ ಸೆನ್ಸರಿನ ಬೆಲೆ ಲೆಕ್ಕಕ್ಕೇ ಬಾರದು.

ಸೆನ್ಸರ್ ಸರಿಯಿದೆ, ಆದರೂ ಮಿಡಿತ ಗಣಕಕ್ಕೆ ಮುಟ್ಟುತ್ತಿಲ್ಲವೆಂದರೆ ಉಳಿದದ್ದು ತಂತಿ. ಬ್ಯಾಟರಿ ಕಳಚಿ, ಎರಡೂ ತುದಿಯ ಕನೆಕ್ಟರ್ ಬಿಚ್ಚಿ, ಒಂದೊಂದೇ ತಂತಿಯನ್ನು ಅಳೆಯಬೇಕು. ತುದಿಯಿಂದ ತುದಿಗೆ ಒಂದು ಓಮಿನಷ್ಟು ತಡೆ ಇರಬಹುದು, ಮೈಗೆ ಅಥವಾ ಪಕ್ಕದ ತಂತಿಗೆ ಸಂಪರ್ಕ ಇರಕೂಡದು. ಅಳೆಯುವಾಗ ತಂತಿಯ ಕಟ್ಟನ್ನು ಉದ್ದಕ್ಕೂ ಅಲುಗಾಡಿಸುತ್ತಿರಬೇಕು. ಸುಮ್ಮನೆ ಇಟ್ಟು ಅಳೆದರೆ ಸರಿಯಿರುವ ತಂತಿ ಅಲುಗಿಸಿದಾಗ ತಪ್ಪೊಪ್ಪಿಕೊಳ್ಳುತ್ತದೆ.

ಹೊಸದನ್ನು ಹಾಕುವಾಗ

ಸೆನ್ಸರೇ ಕೆಟ್ಟಿದೆಯೆಂದು ಸಿದ್ಧವಾದ ಮೇಲೆ ವಾಹನದ ಎಂಜಿನ್ ಸಂಖ್ಯೆ ಮತ್ತು ತಯಾರಾದ ವರ್ಷವನ್ನು ಕೊಟ್ಟು ಅದಕ್ಕೆ ಒಪ್ಪುವ ಭಾಗವನ್ನೇ ರಸೀದಿ ಸಹಿತ ಕೊಳ್ಳಬೇಕು. ನೋಡಲು ಒಂದೇ ತೆರನಾಗಿದ್ದು ಮೂತಿ ಒಂದು ಮಿಲಿಮೀಟರ್ ಗಿಡ್ಡವಾಗಿರುವ ಅಗ್ಗದ ಮಾಲು ಹಾಕಿದರೆ ಮಿಡಿತ ಕ್ಷೀಣವಾಗಿ ಹಳೆಯ ತೊಂದರೆಯೇ ಹೊಸ ರೂಪದಲ್ಲಿ ಬರುತ್ತದೆ. ರಂಧ್ರವನ್ನು ಒರೆಸಿ, ರಬ್ಬರ್ ಉಂಗುರಕ್ಕೆ ಒಂದು ಹನಿ ಎಣ್ಣೆ ಹಚ್ಚಿ, ಕೈಯಿಂದಲೇ ಒತ್ತಿ ಕೂರಿಸಬೇಕು. ಸುತ್ತಿಗೆಯಿಂದ ತಟ್ಟಬಾರದು. ಬೋಲ್ಟನ್ನು ಹದವಾಗಿ ಬಿಗಿಯಬೇಕು. ತಂತಿಯನ್ನು ಕಾರ್ಖಾನೆಯವರು ಒಯ್ದ ದಾರಿಯಲ್ಲೇ ಒಯ್ದು, ಸೈಲೆನ್ಸರ್ ಮತ್ತು ಸ್ಟಾರ್ಟರಿನ ದಪ್ಪ ತಂತಿಯಿಂದ ದೂರ ಕಟ್ಟಬೇಕು. ಕೆಲವು ವಾಹನಗಳಲ್ಲಿ ಹೊಸ ಸೆನ್ಸರಿನ ಪರಿಚಯವನ್ನು ಸ್ಕ್ಯಾನರ್ ಮೂಲಕ ಗಣಕಕ್ಕೆ ಮಾಡಿಕೊಡಬೇಕಾಗುತ್ತದೆ. ಮಾಡದಿದ್ದರೆ ಹಳದಿ ದೀಪ ಆರುವುದಿಲ್ಲ.

ಬಿಚ್ಚಿದ ಹಳೆಯ ಸೆನ್ಸರನ್ನು ಗ್ಯಾರೇಜಿನಲ್ಲಿ ಬಿಟ್ಟು ಬರದೆ ಕೇಳಿ ಪಡೆಯುವುದು ಒಳ್ಳೆಯದು. ಮನೆಯಲ್ಲಿ ಬಿಸಿನೀರಿನ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಬಹುದು. ಅನಂತರ ವಾಹನಕ್ಕೆ ಭಾರ ಹೇರಿ, ಹಿಂದೆ ನಿಲ್ಲುತ್ತಿದ್ದ ಏರಿನಲ್ಲೇ, ಬಿಸಿಲಿನ ಹೊತ್ತಿನಲ್ಲಿ ಮೂರು ನಾಲ್ಕು ಸಲ ಹತ್ತಿಸಿ ಇಳಿಸಿ, ಪ್ರತಿ ಸಲವೂ ಎಂಜಿನ್ ಆರಿಸಿ ಹದಿನೈದು ನಿಮಿಷ ಬಿಟ್ಟು ಮತ್ತೆ ಹೊರಡಿಸಿ ನೋಡಬೇಕು. ಅಡಿಕೆ ಹೇರಿಕೊಂಡು ಪೇಟೆಗೆ ಹೋಗುವುದು ಈ ಪರೀಕ್ಷೆಯ ನಂತರವೇ ಆಗಲಿ.